ಲಾರಿರಾಯನ ಜೋಡಿ

ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ ಅದನ್ನು ಮೊದಲು ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡುವುದು ಪದ್ಧತಿ. ಗಡಿಯಾರ ಬಂದರೂ ಅಷ್ಟೆ, ಔಷಧಿಯ ಸೀಸೆ ಬಂದರೂ ಅಷ್ಟೆ. ಅಪ್ಪನಿಗೆ ಹೆಣ್ಣು ಕೊಡಲು ಬಂದವರು ತಟ್ಟೆಯಲ್ಲಿಟ್ಟು ಕೊಟ್ಟ ಬೆಳ್ಳಿಯ ಕುಂಕುಮ ಭರಣಿಯನ್ನೂ ಅಜ್ಜಿ ಬೀಗರ ಎದುರಿಗೇ ಕಿವಿಗೆ ಹಿಡಿದು ಕುಲುಕಿ, ಒಳಗೇನೂ ಇಲ್ಲವಲ್ಲ ಎಂಬಂತೆ ಮುಖ ಮಾಡಿದ್ದಳಂತೆ. ಅಷ್ಟಾದ ಮೇಲೂ ಸಂಬಂಧ ಕೂಡಿಬಂದದ್ದು ತನ್ನ ತಂದೆಯ ದೊಡ್ಡ ಮನಸ್ಸು ಎಂದು ಅಮ್ಮ ಇಂದಿಗೂ ಹೇಳುತ್ತಾಳೆ. ಇದಕ್ಕೆಲ್ಲ ಕಾರಣ ಅಟ್ಟ. ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿಯ ಮನೆ. ಬೀದಿಯ ಕಡೆಗೆ ಮಂಡಿ, ಅದನ್ನು ದಾಟಿದರೆ ನಡುಮನೆ, ಅದರ ಹಿಂದೆ ಅಡುಗೆಮನೆ, ಇವೆಲ್ಲದರ ತಲೆಯ ಮೇಲೆ ಉದ್ದಕ್ಕೂ ಅಟ್ಟ. ಅಟ್ಟದ ತುಂಬಾ ತೆಂಗಿನಕಾಯಿ. ಒಮ್ಮೆ ಮೇಲೆ ಹಾಕಿದ ಕಾಯಿಯ ತಂಟೆಗೆ ವರ್ಷ ತುಂಬುವವರೆಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನ ಹಂಗು ಬಿಟ್ಟು, ಉಂಡೆಯಾಗಿ ಒಳಗೊಳಗೇ ಉರುಳಬೇಕು. ಅದು ಉರುಳಿತೋ ಇಲ್ಲವೋ ಎಂದು ಒಡೆಯದೆ ತಿಳಿಯುವುದಕ್ಕೆ ಇರುವುದು ಕಿವಿಯೊಂದೇ. ಹಸಿ ಉಳಿದಿದ್ದರೆ ಬುಳುಕ್ ಎನ್ನುತ್ತದೆ. ಕೆಟ್ಟಿದ್ದರೆ ಮಾತೇ ಆಡುವುದಿಲ್ಲ. ಚೆನ್ನಾಗಿ ಒಣಗಿದ್ದು ಮಾತ್ರ ಗಡಗಡ ಎಂದು ಗಂಟಲು ಸರಿಮಾಡಿಕೊಂಡು ಉತ್ತರ ಕೊಡುತ್ತದೆ. ನಡುಮನೆಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂತ ಅಜ್ಜಿ, ಬಲಗಿವಿಗೊಂದು ಎಡಗಿವಿಗೊಂದು ಕಾಯಿ ಹಿಡಿದು ಕಣ್ಣು ಮುಚ್ಚಿ ಕುಲುಕುತ್ತಿದ್ದಳು. ಅವಳ ಚಾಚಿದ ಕಾಲಿನ ಪಕ್ಕದಲ್ಲೇ ಕೂತು ನಾನು ಮಾತು ಕಲಿತದ್ದು. ನನ್ನ ಮಾತಿನಲ್ಲಿ ಏನಾದರೂ ಸದ್ದಿದ್ದರೆ ಅದು ಆ ಕಾಯಿಗಳದು.

“ಒಂದೇ ಕಾಯಿ ಕುಲುಕಿದ್ರೆ ಏನೂ ತಿಳಿಯಾಕಿಲ್ಲ ಕಣೇ ಗಿರೀ. ಪಕ್ಕದಾಗೆ ಇನ್ನೊಂದ ಹಿಡ್ಕಂಡು ಕುಲುಕ್ಬೇಕು. ಆಗ ಎಲ್ಡೂ ತಾವೇ ಬಾಯ್ಬಿಡ್ತವೆ.”

ಈ ಮಾತು ಮುಂದೆ ನನ್ನ ಬದುಕಿನ ಅರ್ಧ ಭಾಗವನ್ನು ಆಳುತ್ತದೆ ಎಂದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಂಡಿಯಲ್ಲಿ ಕೂರುವುದು ಅಪ್ಪನ ಪಾಲು, ದಾರಿ ಸವೆಸುವುದು ಚಿಕ್ಕಪ್ಪನ ಪಾಲು. ಚಿಕ್ಕಪ್ಪ ಸಿದ್ದಣ್ಣನಿಗೆ ಇನ್ನೂ ಮದುವೆಯಾಗಿರಲಿಲ್ಲ. ಕೊಬ್ಬರಿ ಲಾರಿಯ ಜೊತೆ ಡೆಲ್ಲಿಗೋ ಬೊಂಬಾಯಿಗೋ ಹೋದನೆಂದರೆ ಗಡ್ಡ ಬೆಳೆಸಿಕೊಂಡು, ಅರ್ಧ ಹಿಂದಿ ಮಾತಾಡಿಕೊಂಡು ವಾಪಸಾಗುತ್ತಿದ್ದ. ಬರುವಾಗ ಎಲ್ಲರಿಗೂ ಏನಾದರೊಂದು ತರಬೇಕು, ಮತ್ತು ಅದು ತಪ್ಪಾಗಿರಬೇಕು. ಅಮ್ಮನಿಗೆ ತಂದ ಸ್ವೆಟರನ್ನು ಅರಸೀಕೆರೆಯ ಸೆಕೆಯಲ್ಲಿ ಅವಳು ಒಂದು ದಿನವೂ ಹಾಕಲಿಲ್ಲ. ಹಾಗೆ ತಪ್ಪು ಮಾಡುತ್ತಲೇ ಒಮ್ಮೆ, ಡೆಲ್ಲಿಯ ಯಾವುದೋ ಬಜಾರಿನಿಂದ ನನಗೊಂದು ಲಾರಿ ತಂದ. ಹೆಣ್ಣುಮಗುವಿಗೆ ಲಾರಿ ಯಾಕೋ ಎಂದು ಅಮ್ಮ ಗೊಣಗುತ್ತಿದ್ದಂತೆ, ಅವನು, ಇದು ಮನುಷ್ಯನೂ ಆಗ್ತದೆ ನೋಡು ಎಂದು, ಅದರ ಮುಂಭಾಗವನ್ನು ಹಿಡಿದು ತಿರುಚಿದ. ಡ್ರೈವರನ ಗೂಡು ನಡುವೆ ಸೀಳಿ ಎರಡು ಭುಜವಾಯಿತು. ಹಿಂದಿನ ಗಾಲಿಗಳು ಹಿಮ್ಮಡಿಗೆ ಹೋದವು. ಇನ್ನೇನು ಆಮೆಯ ಹಾಗೆ ಒಳಗಿನಿಂದ ತಲೆ ಹೊರಬರಬೇಕು, ಅಲ್ಲಿಗೆ ಚಿಕ್ಕಪ್ಪನ ವಿದ್ಯೆ ಮುಗಿಯಿತು. ಅಂಗಡಿಯವನು ತೋರಿಸಿದ್ದು ಮರೆತುಹೋಗಿತ್ತು. ಲಾರಿ ಆ ಕಡೆ ಲಾರಿಯೂ ಅಲ್ಲ, ಈ ಕಡೆ ಮನುಷ್ಯನೂ ಅಲ್ಲ, ಹಾಗೇ ನಡುಮನೆಯಲ್ಲಿ ಮಲಗಿತು.

“ಅಯ್ಯೋ, ಹೆರಿಗೆ ಅರ್ಧಕ್ಕೆ ನಿಂತಂಗೈತಲ್ಲೋ ಸಿದ್ದ. ಯಾವ್ದಾದ್ರೂ ಒಂದ್ ಮಾಡಿ ಮುಗ್ಸೋ. ನೋಡಾಕಾಗಕಿಲ್ಲ.”

“ಇರವ್ವ, ಜೋರಾಗಿ ಎಳುದ್ರೆ ಮುರೀತದೆ.”

“ನೀನ್ ಬಿಡು ಅತ್ಲಾಗೆ. ಗಿರೀ, ನೀನ್ ನೋಡೇ. ಸಣ್ಣ ಬೆಳ್ಳು ನಿಂದು.”

ಸಣ್ಣ ಬೆರಳು ಹೌದು, ಮೇಲಾಗಿ ಅಟ್ಟದ ಕಾಯಿಗಳ ಕೆಳಗೆ ಬೆಳೆದ ಬೆರಳು. ಎಲ್ಲಿ ಬಿಗಿಯಿದೆ, ಎಲ್ಲಿ ತಾನಾಗಿ ಬಿಡಲು ಕಾದಿದೆ ಎಂದು ತಡವಿ ನೋಡಿ, ಬೆನ್ನಿನ ತಗಡನ್ನು ಚೂರು ಮೇಲೆತ್ತಿದೆ. ಟಕ್ ಎಂದು ತಲೆ ಹೊರಬಂತು. ಕೆಂಪು ಕಣ್ಣು, ಕಿರೀಟದಂಥ ನೆತ್ತಿ. ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕಿವಿಗೆ ಹಿಡಿದು ಕುಲುಕಿದಳು. ಒಳಗೆಲ್ಲೋ ಒಂದು ಗುಂಡು, ಕಟಕಟ ಎಂದಿತು.

“ಒಣಗೈತೆ,” ಎಂದಳು ಅಜ್ಜಿ. “ಮಾಲು ಪರವಾಗಿಲ್ಲ.”

ಅವತ್ತಿನಿಂದ ಅವನು ಲಾರಿರಾಯ. ಅಡುಗೆಮನೆಯ ಗೋಡೆಯಲ್ಲಿ, ದೀಪದ ಗೂಡಿನ ಪಕ್ಕದ ಖಾಲಿ ಗೂಡು ಅವನ ಅರಮನೆಯಾಯಿತು. ಚಿಕ್ಕಪ್ಪನಿಗೂ ಕೊನೆಗೊಮ್ಮೆ ಸರಿಯಾದದ್ದನ್ನು ತಂದ ಹುರುಪು. ಮುಂದಿನ ಸಲ ವಿಮಾನವಾಗುವವನು ಬಂದ, ಆಮೇಲೆ ಟೇಪ್ ರೆಕಾರ್ಡರ್ ಆಗುವವನು ಬಂದ. ಒಮ್ಮೆ ಬೊಂಬಾಯಿಯಿಂದ, ಮರೆತು, ಅದೇ ವಿಮಾನವನ್ನು ಮತ್ತೆ ತಂದ. ಅದೇ ರೆಕ್ಕೆ, ಅದೇ ಮಡಿಕೆ. ಆದರೆ ಡೆಲ್ಲಿಯದು ಬೂದಿ ಬಣ್ಣ, ಬೊಂಬಾಯಿಯದು ಕೇಸರಿ. ಡೆಲ್ಲಿಯವನ ಕಣ್ಣಿಗೆ ಬಣ್ಣ ಬಳಿದಿದ್ದರು, ಬೊಂಬಾಯಿಯವನ ಕಣ್ಣಿಗೆ ಚೀಟಿ ಅಂಟಿಸಿದ್ದರು. ಮನೆಯವರೆಲ್ಲ ಅಯ್ಯೋ ಅದೇ ಆಯ್ತಲ್ಲ ಎಂದು ಮರುಗಿದರು. ನಾನು ಮಾತ್ರ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಊಟಕ್ಕೂ ಏಳಲಿಲ್ಲ. ಹೊಸ ಆಟಿಕೆ ಬಂದಾಗಲೂ ಆಗದ ಖುಷಿ ಅವತ್ತು ಆಯಿತು. ಒಂದೇ ಗೊಂಬೆ ಎರಡು ಊರಿನಲ್ಲಿ ಎರಡು ಬಣ್ಣ ಯಾಕೆ ಎಂದು ಚಿಕ್ಕಪ್ಪನನ್ನೇ ಕೇಳಿದೆ.

“ನಮ್ಮ ಕೊಬ್ರಿ ಇಲ್ವಾ? ಒಂದೂರ್ನೋರು ಉಂಡೆನೇ ಬೇಕು ಅಂತಾರೆ, ಇನ್ನೊಂದೂರ್ನೋರು ಹೋಳು ಕೇಳ್ತಾರೆ. ಅಟ್ಟ ಒಂದೇ, ಗಿರಾಕಿ ಬ್ಯಾರೆ. ಗೊಂಬೆಯೋನಿಗೂ ಅದೇ ಪಾಡು ಕಣೇ.”

ಈಗ ಮಂಡಿಯಲ್ಲಿ ಅಪ್ಪನ ಜಾಗದಲ್ಲಿ ನಾನು ಕೂರುತ್ತೇನೆ. ನನ್ನ ಹಿಂದಿನ ಗಾಜಿನ ಬೀರುವಿನಲ್ಲಿ ಲಾರಿರಾಯನ ವಂಶವೇ ನಿಂತಿದೆ. ಕೊಬ್ಬರಿ ಮಾರಲು ಬಂದ ಕಣಕಟ್ಟೆಯ ಗೌಡರು ಅದನ್ನು ನೋಡಿ, ಮಕ್ಕಳದೇನವ್ವಾ ಎಂದು ಕೇಳುತ್ತಾರೆ. ನಂದೇ ಕಣಣ್ಣಾ ಎನ್ನುತ್ತೇನೆ. ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟದ್ದರ ಮೊಣಕೈ ಲೋಹದ್ದು, ಯುರೋಪಿನಲ್ಲಿ ಬಿಟ್ಟದ್ದರ ಮುಷ್ಟಿ ಚಿಕ್ಕದು, ನಮ್ಮ ದೇಶದಲ್ಲಿ ಬಿಟ್ಟದ್ದರ ಬಣ್ಣ ಯಾರಿಗೂ ಬೇಡವಾಗಿ ಈಗ ಎಲ್ಲರಿಗೂ ಬೇಕಾಗಿದೆ. ಫೋನಿನಲ್ಲಿ ಎಲ್ಲೆಲ್ಲಿಯವರೋ ಫೋಟೋ ಕಳಿಸಿ, ಇದು ಯಾವ ಕಡೆಯದು ಹೇಳಿ ಎಂದು ನನ್ನನ್ನು ಕೇಳುತ್ತಾರೆ. ಫೋಟೋ ಸಾಲದು, ಕುಲುಕಿದ ಸದ್ದು ಕಳಿಸಿ ಎಂದು ನಾನು ಬರೆಯುತ್ತೇನೆ. ಮೊದಮೊದಲು ನಕ್ಕವರು ಈಗ ತಾವಾಗಿಯೇ ಸದ್ದು ಕಳಿಸುತ್ತಾರೆ. ಇಷ್ಟೆಲ್ಲ ಶುರುವಾದದ್ದು ಒಂದು ದಸರೆಯಲ್ಲಿ, ಅದಕ್ಕೂ ಮುಂಚೆ ಬಿದ್ದ ಒಂದು ಬೈಗುಳದಿಂದ.

ಬೈದವನು ಮಹೇಶ. ಅಪ್ಪನ ತಂಗಿ ಸರೋಜತ್ತೆಯ ಮಗ, ಬೇಲೂರಿನವನು, ನನಗಿಂತ ತುಸು ದೊಡ್ಡವನು. ಅವನ ದೊಡ್ಡಪ್ಪ ದುಬೈಯಲ್ಲಿದ್ದರು. ಬೇಸಿಗೆ ರಜೆಯಲ್ಲಿ ಅಜ್ಜಿಯೂ ನಾನೂ ಬಸ್ಸು ಹತ್ತಿ ಜಾವಗಲ್ಲು, ಹಳೇಬೀಡು ಹಾದು ಬೇಲೂರಿಗೆ ಹೋದಾಗ, ನನ್ನ ಮಡಿಲಲ್ಲಿ ಲಾರಿರಾಯ ಇದ್ದ. ಅತ್ತೆಯ ಮನೆಯ ಜಗಲಿ ಹತ್ತುವ ಮೊದಲೇ ಮಹೇಶ ತನ್ನದನ್ನು ಹಿಡಿದು ನಿಂತಿದ್ದ. ಅದೂ ಲಾರಿರಾಯನೇ. ಆದರೆ ನನ್ನವನ ಎದೆ ಬರೀ ಬೂದು ಪ್ಲಾಸ್ಟಿಕ್, ಅವನದರ ಎದೆ ಕಣ್ಣು ಕೋರೈಸುವ ಬೆಳ್ಳಿ. ಎದೆಯ ನಡುವೆ ಹೊಳೆಯುವ ನಕ್ಷತ್ರದ ಚೀಟಿ ಬೇರೆ. ಹೊಟ್ಟೆಕಿಚ್ಚಾಯಿತು ಎಂದು ಹೇಳಲು ನಾಚಿಕೆಯಿಲ್ಲ. ಆದರೆ ಕಿಚ್ಚಿಗಿಂತ ಮೊದಲು ಆದದ್ದು ಹಿಗ್ಗು. ಅಕ್ಕಪಕ್ಕ ಇಡೋಣ ಬಾರೋ ಎಂದು ಕೈ ಚಾಚಿದೆ. ಅವನು ತನ್ನದನ್ನು ಹಿಂದಕ್ಕೆ ಎಳೆದುಕೊಂಡು, ನನ್ನದನ್ನು ಕಿತ್ತು ತಿರುಗಿಸಿ ನೋಡಿದ.

“ಏ, ಇದು ನಕಲಿ ಕಣೇ. ನೋಡು, ಎದೆ ಮೇಲೆ ಗುಳ್ಳೆ! ಅಸಲಿಗೆ ಗುಳ್ಳೆ ಇರಲ್ಲ. ನಿಮ್ಮ ಚಿಕ್ಕಪ್ಪಂಗೆ ಡೆಲ್ಲಿಯೋನು ಟೋಪಿ ಹಾಕವ್ನೆ.”

ಗುಳ್ಳೆ ಇದ್ದದ್ದು ನಿಜ. ಎಳ್ಳಿನಷ್ಟು ಉಬ್ಬು, ಅದರ ಕೆಳಗೆ ಉಗುರಿನಿಂದ ಗೀರಿದಂಥ ಗೆರೆ. ನನಗೆ ಅದು ಅವನ ಮಚ್ಚೆಯ ಹಾಗೆ ಪ್ರೀತಿಯದಾಗಿತ್ತು. ಆ ಗಳಿಗೆಯಲ್ಲಿ ಅದೇ ಕಳಂಕವಾಯಿತು. ನಕಲಿ ಎನ್ನುವುದು ಕೊಬ್ಬರಿ ಮನೆಯಲ್ಲಿ ಸಣ್ಣ ಬೈಗುಳವಲ್ಲ. ಒಳ್ಳೆಯ ಮಾಲಿನ ನಡುವೆ ಕೆಟ್ಟದ್ದು ಬೆರೆಸಿದವರ ಮನೆಯ ನೀರು ಕುಡಿಯಲೂ ಅಜ್ಜಿ ಯೋಚಿಸುತ್ತಿದ್ದಳು. ಟೋಪಿ ಹಾಕಿಸಿಕೊಂಡವನು ನನ್ನ ಚಿಕ್ಕಪ್ಪ, ನಕಲಿಯನ್ನು ಗೂಡಿನಲ್ಲಿಟ್ಟು ಸಾಕಿದವಳು ನಾನು. ಮಾರನೆಯ ದಿನ ಅತ್ತೆ ನಮ್ಮನ್ನು ಬೇಲೂರಿನ ದೇವಸ್ಥಾನಕ್ಕೂ ಅದರ ಮರುದಿನ ಹಳೇಬೀಡಿಗೂ ಕರೆದುಕೊಂಡು ಹೋದರೂ ನಾನು ಬೆರಳನ್ನು ಆ ಗುಳ್ಳೆಯ ಮೇಲಿನಿಂದ ತೆಗೆಯಲಿಲ್ಲ. ಹಳೇಬೀಡಿನಲ್ಲಿ ಕೈಲಾಸ ಎತ್ತುವ ರಾವಣನ ಮುಂದೆ ಅಜ್ಜಿ ನಿಂತುಬಿಟ್ಟಳು. ಹತ್ತು ತಲೆ, ಸಾಲು ಸಾಲು ಕೈ, ತಲೆಯ ಮೇಲೆ ಬೆಟ್ಟ, ಬೆಟ್ಟದ ತುಂಬಾ ಮೃಗಗಳು, ಹಾವುಗಳು. ಬೇಲೂರಿನಲ್ಲೂ ಇವನೇ ಇದ್ದನಲ್ಲ, ಹೀಗಿರಲಿಲ್ಲವಲ್ಲ ಎಂದು ನನಗೆ ಹೊಳೆಯಿತು. ಅಜ್ಜಿಯ ಸೆರಗು ಎಳೆದು ಕೇಳಿದೆ.

“ಅಜ್ಜೀ, ಬೇಲೂರಿಂದು ಅಸಲಿಯಾ, ಇದು ಅಸಲಿಯಾ?”

“ಅಸಲಿ ನಕಲಿ ಏನೇ? ಕತೆ ಒಂದೇ, ಕೆತ್ತಿದ ಕೈ ಬ್ಯಾರೆ. ನಾನು ಎಲ್ಡನ್ನೂ ನೋಡಿದ್ಕೇ ಇವ್ನ ಬೆಟ್ಟದಾಗೆ ಹಾವ್ ಇರಾದು ಕಾಣ್ತು. ಇಲ್ದಿದ್ರೆ ರಾವಣ ಅಂದ್ಕಂಡು ಕೈ ಮುಗುದು ಮುಂದಕ್ಕೆ ಹೋಗ್ತಿದ್ದೆ.”

“ರಾವಣಂಗೆ ಕೈ ಮುಗೀತಾರಾ ಅಜ್ಜಿ?” ಎಂದು ಮಹೇಶ ನಕ್ಕ.

“ಶಿವನ್ನ ತಲೆ ಮ್ಯಾಲೆ ಹೊತ್ತವ್ನೆ. ನೀನ್ ನಿನ್ ಸ್ಕೂಲ್ ಬ್ಯಾಗ್ ಹೊತ್ಕಂಡ್ರೆ ಸಾಕು ಬಾರ್ಲಾ.”

ಆ ಮಾತು ಹಿತವಾಗಿತ್ತು. ಆದರೆ ಕಲ್ಲಿಗೆ ಒಪ್ಪಿದ್ದು ಪ್ಲಾಸ್ಟಿಕ್ಕಿಗೆ ಒಪ್ಪಬೇಕಲ್ಲ. ಗುಳ್ಳೆಯಂತೂ ಇದ್ದೇ ಇತ್ತು.

ಹೀಗಿರುವಾಗ ದಸರೆ ಬಂತು. ಅಜ್ಜಿಯ ತಾಯಿ ಮೈಸೂರು ಕಡೆಯವರಾದ್ದರಿಂದ ಗೊಂಬೆ ಕೂರಿಸುವ ಪದ್ಧತಿ ಅವಳ ಜೊತೆಗೇ ನಮ್ಮ ಮನೆಗೆ ಬಂದಿತ್ತು. ನಡುಮನೆಯಲ್ಲಿ ಕೊಬ್ಬರಿಯ ಹಲಗೆಗಳನ್ನೇ ಜೋಡಿಸಿ ಮೆಟ್ಟಿಲು ಕಟ್ಟಿ, ಮೇಲೆ ಬಿಳಿ ಪಂಚೆ ಹಾಸುವುದು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ, ಅಜ್ಜಿಯ ಮದುವೆಯಲ್ಲಿ ಬಂದ ಮರದ ರಾಜ ರಾಣಿ. ಅವರ ಕೆಳಗೆ ದೇವರುಗಳು, ಅದರ ಕೆಳಗೆ ಶೆಟ್ಟಿ ಶೆಟ್ಟಿಗಿತ್ತಿ, ಹಸು ಕರು, ಪೊಲೀಸು. ವರ್ಷಕ್ಕೆ ಒಂದು ಹೊಸ ಗೊಂಬೆ ಸೇರಬೇಕು. ಒಂದೇ. ಅದರ ಮೇಲೆ ಅಜ್ಜಿಯದೇ ಒಂದು ಕಟ್ಟಳೆ: ಹೊಸ ಗೊಂಬೆ ತಂದವರು ನೋಡಲು ಬಂದವರಿಗೆಲ್ಲ ಅದರ ಕತೆ ಹೇಳಬೇಕು. ಕತೆ ಇಲ್ಲದ ಗೊಂಬೆ ಮೆಟ್ಟಿಲು ಹತ್ತುವಂತಿಲ್ಲ. ಆ ವರ್ಷದ ಹೊಸ ಗೊಂಬೆ ಲಾರಿರಾಯನೇ ಆಗಲಿ ಎಂದು ನಾನು ಹಟ ಹಿಡಿದೆ. ಬೀದಿಯ ಹೆಂಗಸರೆಲ್ಲ ಕುಂಕುಮ ಹಚ್ಚಿಸಿಕೊಂಡು ಕೂತು ನೋಡುವ ಮೆಟ್ಟಿಲನ್ನು ಹತ್ತಿದ ಮೇಲೆ ಅವನನ್ನು ನಕಲಿ ಎನ್ನುವ ಧೈರ್ಯ ಯಾರಿಗೆ?

“ಲಾರಿಗೆ ಗೊಂಬೆ ಮೆಟ್ಲ ಮ್ಯಾಲೆ ಏನೇ ಕೆಲ್ಸ?” ಎಂದಳು ಅಜ್ಜಿ.

“ಆಯುಧಪೂಜೆ ದಿನ ನಮ್ಮ ಲಾರಿಗೆ ಆರತಿ ಎತ್ತೋದು ನೀನೇ ಅಲ್ವಾ?”

“ಅದು ಅನ್ನ ಕೊಡೋ ಲಾರಿ ಕಣವ್ವ.”

“ಇದು ಅದ್ರ ಮರಿ.”

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಎಲೆ ಅಡಿಕೆಯ ರಸ ತುಟಿಯಂಚಿಗೆ ಬಂತು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ, ಹಬ್ಬಕ್ಕೆಂದು ಬೇಲೂರಿನಿಂದ ಬಂದಿದ್ದ ಸರೋಜತ್ತೆಯ ಬೆನ್ನ ಹಿಂದಿನಿಂದ ಮಹೇಶ ಮುಂದೆ ಬಂದ. ಕೈಯಲ್ಲಿ ದುಬೈಯ ಬೆಳ್ಳಿ.

“ಲಾರಿ ಇಡೋದಾದ್ರೆ ನಂದು ಇಡು ಅಜ್ಜಿ. ಇದು ಬೆಳ್ಳಿ. ಅವಳ್ದು ನಕಲಿ.”

 ಅಂಚಿನ ಪಂಚೆ ಕೊಡವುತ್ತಿದ್ದ ಚಿಕ್ಕಪ್ಪನ ಕೈ ನಿಂತಿತು. ಅಜ್ಜಿಯ ಮುಖದ ನಗು ಇಂಗಿತು.

“ನಕಲಿ ಮಾಲು ಮಾತ್ರ ಈ ಮನೆ ಮೆಟ್ಲು ಹತ್ತಂಗಿಲ್ಲ. ಇಬ್ರೂ ಕತೆ ಹೇಳಿ, ನೋಡಾನ. ಮಹೇಶ, ನಿಂದೇನ್ಲಾ ಕತೆ?”

“ಇದು ದುಬೈಯಿಂದ ವಿಮಾನದಲ್ಲಿ ಬಂತು.”

“ಅದು ಪ್ರಯಾಣ ಕಣಪ್ಪ, ಕತೆ ಅಲ್ಲ. ಗಿರೀ, ನಿಂದು?”

“ಇವ್ನು ಲಾರಿ. ಆಮೇಲೆ ಮನುಷ್ಯ ಆಗ್ತಾನೆ.”

“ಆಮ್ಯಾಕೆ?”

“ಮತ್ತೆ ಲಾರಿ ಆಗ್ತಾನೆ.”

“ಅಷ್ಟಕ್ಕೆ ಯಾಕೆ ಮನುಷ್ಯ ಆಗ್ಬೇಕಿತ್ತು? ಲಾರಿಯಾಗೇ ಇರ್ಬೋದಿತ್ತಲ್ಲ!” ಎಂದಳು ಅಜ್ಜಿ. “ಇಬ್ರಿಗೂ ಕತೆ ಇಲ್ಲ. ನಾಳೆ ಗೊಂಬೆ ಕೂರ್ಸೋ ಹೊತ್ತಿಗೆ ಯಾರ್ದು ಅಸಲಿ, ಯಾರ್ದಕ್ಕೆ ಕತೆ ಐತೆ, ಅವ್ರದ್ದು. ಇಲ್ದಿದ್ರೆ ನಾನು ಸಂತೇಲಿ ಮಣ್ಣಿನ ಗಿಳಿ ತಂದ್ ಮಡಗ್ತೀನಿ.”

ಗೊಂಬೆ ಕೂರಿಸುವ ದಿನ ಬೆಳಗ್ಗೆ ಮನೆಯ ಬೆಳ್ಳಿಯೆಲ್ಲ ಹಿತ್ತಲಿಗೆ ಬರುವುದು ವಾಡಿಕೆ. ದೀಪದ ಕಂಬ, ಪಂಚಪಾತ್ರೆ, ಕುಂಕುಮದ ಭರಣಿ, ಅಜ್ಜನ ಕಾಲದ ಕರಡಿಗೆ. ಹಿತ್ತಾಳೆ ತೊಳೆದ ಹುಣಸೆ ನೀರಿನ ಬೋಗುಣಿಯಲ್ಲಿ ಅದ್ದಿ, ಮೇಲೆ ವಿಭೂತಿ ಹಾಕಿ ತಿಕ್ಕುವುದು. ಆ ಕೆಲಸ ಸರೋಜತ್ತೆಯದೇ. ಅವಳ ಕೈಯ ರಭಸ ನೆಂಟರಲ್ಲೆಲ್ಲ ಪ್ರಸಿದ್ಧ. ಮದುವೆಯಲ್ಲಿ ಬಂದ ಪಾತ್ರೆಗಳ ಮೇಲೆ ಕೊರೆಸಿದ್ದ ಹೆಸರುಗಳನ್ನೇ ಅವಳು ತಿಕ್ಕಿ ತಿಕ್ಕಿ ಅಳಿಸಿದ್ದಳು, ಈಗ ಯಾವ ಚೊಂಬು ಯಾರು ಕೊಟ್ಟದ್ದು ಎಂದು ಯಾರಿಗೂ ಗೊತ್ತಿಲ್ಲ. ಮಗ ಬೆಳ್ಳಿ ಬೆಳ್ಳಿ ಎಂದು ತಿಂಗಳುಗಟ್ಟಲೆ ಹೇಳಿದ್ದನ್ನು ಮನೆಯಲ್ಲಿ ಪೂರ್ತಿಯಾಗಿ ನಂಬಿದ್ದ ಒಬ್ಬಳೇ ಒಬ್ಬಳೆಂದರೆ ಅವನ ತಾಯಿ. ಮೆಟ್ಟಿಲು ಹತ್ತುವ ಬೆಳ್ಳಿ ಕಪ್ಪಿಟ್ಟಿರಬಾರದು ಎಂದು ಅವನು ಹಲ್ಲುಜ್ಜಲು ಹೋಗಿದ್ದಾಗ ಗೊಂಬೆಯನ್ನು ಎತ್ತಿ ಬೋಗುಣಿಗೆ ಹಾಕಿದಳು. ನೆನೆಸಿ, ವಿಭೂತಿ ಸುರಿದು, ತೆಂಗಿನ ನಾರು ಹಿಡಿದು ಕೂತಳು. ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕತೆ ಹುಡುಕುತ್ತಿದ್ದೆ. ಮೊದಲು ಕೇಳಿದ್ದು ಅತ್ತೆಯ ದನಿ.

“ಅಯ್ಯಯ್ಯೋ, ಇದೇನವ್ವಾ! ತಿಕ್ಕಿದಷ್ಟೂ ಮಾಸ್ತಾ ಹೋಗ್ತೈತಲ್ಲ!”

ಎಲ್ಲರೂ ಹಿತ್ತಲಿಗೆ ಓಡಿದೆವು. ಬೋಗುಣಿಯ ನೀರಿನ ಮೇಲೆ ಬೆಳ್ಳಿಯ ಸಣ್ಣ ಸಣ್ಣ ಸಿಪ್ಪೆ ಮೀನಿನ ಪೊರೆಯಂತೆ ತೇಲುತ್ತಿತ್ತು. ನಕ್ಷತ್ರದ ಚೀಟಿ ಎದೆ ಬಿಟ್ಟು, ಬೋಗುಣಿಯ ಅಂಚಿಗೆ ಅಂಟಿಕೊಂಡಿತ್ತು. ಅತ್ತೆಯ ಕೈಯಲ್ಲಿದ್ದವನು ಬರೀ ಬೂದು ಪ್ಲಾಸ್ಟಿಕ್ಕಿನ ಎದೆಯವನು. ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಬಂದ ಮಹೇಶ ಅದನ್ನು ನೋಡಿ, ನೊರೆ ನುಂಗಿ, ಅಳತೊಡಗಿದ.

“ಬೆಳ್ಳಿ ಅಂದ್ಯಲ್ಲೋ ನೀನು! ಬೆಳ್ಳಿ ಅಂದಿದ್ಕೇ ತಿಕ್ದೆ!” ಎಂದು ಅತ್ತೆಯೂ ಅಳುವ ಹಾಗಾದಳು.

ಚಿಕ್ಕಪ್ಪ ನನ್ನ ಕಡೆ ನೋಡಿದ. ಈಗ ಮಾತಾಡು, ನಿನ್ನ ಹೊತ್ತು ಬಂದಿದೆ ಎನ್ನುವ ನೋಟ. ನಿಂದೇ ನಕಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆ ಕ್ಷಣದಲ್ಲೇ, ಚೀಟಿ ಬಿಟ್ಟ ಜಾಗದಲ್ಲಿ, ಒದ್ದೆಯ ಬೂದು ಎದೆಯ ಮೇಲೆ, ಏನೋ ಕಂಡಿತು. ಅತ್ತೆಯ ಕೈಯಿಂದ ಅದನ್ನು ಕಸಿದುಕೊಂಡು ಬಿಸಿಲಿಗೆ ಹಿಡಿದೆ. ಎಳ್ಳಿನಷ್ಟು ಉಬ್ಬು. ಅದರ ಕೆಳಗೆ ಉಗುರು ಗೀರಿದಂಥ ಗೆರೆ.

ಅಡುಗೆಮನೆಯ ಗೂಡಿಗೆ ಹೇಗೆ ಓಡಿದೆನೋ ತಿಳಿಯದು. ದೀಪದ ಎಣ್ಣೆ ಚೆಲ್ಲಿತು ಎಂದು ಅಮ್ಮ ಆಮೇಲೆ ಬೈದಳು. ಲಾರಿರಾಯನನ್ನು ತಂದು ಇದರ ಪಕ್ಕದಲ್ಲಿ ಹಿಡಿದೆ. ಅದೇ ಉಬ್ಬು, ಅದೇ ಗೆರೆ, ಅದೇ ಜಾಗ. ಆಲೆಮನೆಯ ಬೆಲ್ಲದ ಮಣೆಯಲ್ಲಿ ಒಂದು ಗುಳಿಯಲ್ಲಿ ಚಕ್ಕೆ ಎದ್ದಿದ್ದರೆ, ಆ ಗುಳಿಯಲ್ಲಿ ಹುಟ್ಟಿದ ಅಚ್ಚುಬೆಲ್ಲಕ್ಕೆಲ್ಲ ಅದೇ ಗುರುತು ಬೀಳುತ್ತದೆ. ನಮ್ಮ ಮನೆಯ ಬೆಲ್ಲ ಯಾವ ಆಲೆಮನೆಯದು ಎಂದು ಅಮ್ಮ ಹೇಳುತ್ತಿದ್ದದ್ದೇ ಹಾಗೆ. ನಾನು ಕೂಗಿದ ಕೂಗಿಗೆ ಅಟ್ಟದ ಮೇಲಿನ ಬೆಕ್ಕು ಕಾಯಿ ಉರುಳಿಸಿಕೊಂಡು ಓಡಿತು.

“ಒಂದೇ ಅಚ್ಚು! ಅಜ್ಜೀ, ಎಲ್ಡೂ ಒಂದೇ ಅಚ್ಚಲ್ಲಿ ಆಗಿರೋದು! ಅವ್ನ ಗುಳ್ಳೆ ಚೀಟಿ ಕೆಳಗೆ ಇತ್ತು! ನಂದೂ ನಕಲಿ ಅಲ್ಲ, ಅವಂದೂ ನಕಲಿ ಅಲ್ಲ!”

“ನಂದು ಹಾಳಾಯ್ತಲ್ಲಾ,” ಎಂದು ಮಹೇಶ ಇನ್ನೂ ಬಿಕ್ಕುತ್ತಿದ್ದ.

“ಹಾಳಾಗಿಲ್ಲ ಕಣೋ. ಇಲ್ಲಿ ನೋಡು. ಇವ್ನು ಡೆಲ್ಲಿಗೆ ಹೋದ, ಬೂದು ಅಂಗಿ ಕೊಟ್ರು. ನಿನ್ನೋನು ದುಬೈಗೆ ಹೋದ, ಬೆಳ್ಳಿ ಅಂಗಿ ಕೊಟ್ರು. ಅಂಗಿ ಬಿಚ್ಚಿದ್ಮೇಲೆ ನೋಡು, ಅಣ್ಣತಮ್ಮ!”

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಬಗ್ಗಿ ನೋಡಿದ. ಒಮ್ಮೆ ಇದರ ಎದೆ, ಒಮ್ಮೆ ಅದರ ಎದೆ. ಬೆರಳಿನಿಂದ ಎರಡೂ ಗುಳ್ಳೆಗಳನ್ನು ಮುಟ್ಟಿದ. ಬೇಸಿಗೆಯಲ್ಲಿ ನಾನು ಕೇಳಿದ್ದು ಇಷ್ಟೇ, ಅಕ್ಕಪಕ್ಕ ಇಡೋಣ ಎಂದು.

“ನಂದು ಅಣ್ಣ,” ಎಂದ, ಮೂಗು ಸೇದುತ್ತಾ.

“ಆಗ್ಲಿ, ಅಣ್ಣನೇ ಆಗ್ಲಿ.”

ಅಜ್ಜಿ ಈಗ ಮುಂದೆ ಬಂದು ಎರಡನ್ನೂ ತೆಗೆದುಕೊಂಡು, ಒದ್ದೆಯಾದದ್ದನ್ನು ಸೆರಗಿನಲ್ಲಿ ಒರೆಸಿ, ಹಿತ್ತಲ ಕಲ್ಲಿನ ಮೇಲೆ ಕೂತಳು. ಬಲಗಿವಿಗೆ ಒಂದು, ಎಡಗಿವಿಗೆ ಒಂದು. ಕಣ್ಣು ಮುಚ್ಚಿದಳು. ಕುಲುಕಿದಳು. ಕೈ ಬದಲಿಸಿ ಮತ್ತೆ ಕುಲುಕಿದಳು. ಲಾರಿ ತುಂಬುವಾಗ ವ್ಯಾಪಾರಿಗಳು ಅವಳ ಮುಖ ನೋಡುತ್ತಾ ನಿಲ್ಲುತ್ತಿದ್ದ ಹಾಗೆ ನಾವೆಲ್ಲ ನಿಂತೆವು.  ಎರಡನ್ನೂ ನನ್ನ ಕೈಗೆ ಕೊಟ್ಟು ಎದ್ದಳು.

“ಹೊಸ ಗೊಂಬೆ ಒಂದೇ ಅಂದಿದ್ದೆ,” ಎಂದಳು.

“ಪಟ್ಟದ ಗೊಂಬೆ ಎಷ್ಟಜ್ಜಿ?” ಎಂದೆ ನಾನು. “ರಾಜ ರಾಣಿ ಇಬ್ರಿದ್ರೂ ಒಂದೇ ಜೋಡಿ ಅಂತೀಯಲ್ಲ. 'ಒಬ್ರನ್ನ ಬಿಟ್ಟು ಒಬ್ರನ್ನ ಇಟ್ರೆ ಕತೆನೇ ಇಲ್ಲ' ಅಂತೀಯಲ್ಲ. ಇವ್ರೂ ಹಂಗೇ. ಒಬ್ನೇ ಇದ್ರೆ ಬರೀ ಲಾರಿ. ಇಬ್ರಿದ್ರೇ ಕತೆ.”

ಅಜ್ಜಿ ಚಿಕ್ಕಪ್ಪನ ಕಡೆ ತಿರುಗಿದಳು.

“ಏ ಸಿದ್ದ, ಪೊಲೀಸ್ನ ಒಸಿ ಪಕ್ಕಕ್ಕೆ ಸರ್ಸೋ. ಜಾಗ ಮಾಡು.”

ಚಿಕ್ಕಪ್ಪ ಪೊಲೀಸನ್ನು ಎಷ್ಟು ಹುರುಪಿನಿಂದ ಸರಿಸಿದನೆಂದರೆ ಅದರ ಲಾಠಿ ಶೆಟ್ಟಿಯ ಅಂಗಡಿಗೆ ತಗುಲಿ ಶೆಟ್ಟಿ ಮಗುಚಿದ. ಆ ದಿನ ಅಮ್ಮ ಕೊಬ್ಬರಿ ಮಿಠಾಯಿ ಮಾಡಿದ್ದಳು. ನನಗೂ ಮಹೇಶನಿಗೂ ಒಂದೇ ತಟ್ಟೆ. ತಿನ್ನುತ್ತಾ ತಿನ್ನುತ್ತಾ ಇಬ್ಬರೂ ಅಣ್ಣತಮ್ಮಂದಿರ ಮೈಯಲ್ಲಿ ಇನ್ನೇನು ಒಂದೇ, ಇನ್ನೇನು ಬೇರೆ ಎಂದು ಹುಡುಕಿದೆವು. ಅವನ ಕಣ್ಣು ನನಗಿಂತ ಚುರುಕು. ದುಬೈಯವನ ಮೊಣಕಾಲ ಕೀಲಿಗೆ ಮೊಳೆ, ಡೆಲ್ಲಿಯವನದಕ್ಕೆ ತಿರುಪು ಎಂದು ಕಂಡುಹಿಡಿದವನು ಅವನೇ. ಇವತ್ತಿಗೂ ಬೇಲೂರಿನಿಂದ ಅವನ ಫೋನು ಬಂದರೆ ಅತ್ತೆಯ ಕ್ಷೇಮಕ್ಕಿಂತ ಮೊದಲು ಬರುವ ಸುದ್ದಿ ಕೀಲಿನದು, ತಿರುಪಿನದು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯ ಹೆಂಗಸರು ಬಂದರು. ಎಲ್ಲರಿಗಿಂತ ಮೊದಲು ಬಂದವರು ಎದುರುಮನೆಯ ಶಾಂತಕ್ಕ. ಊರಿನ ಯಾವ ಮನೆಯ ಗೊಂಬೆ ನೋಡಿದರೂ ಒಂದು ಊನ ಹೇಳದೆ ಅವರು ಬಾಗಿನ ಮುಟ್ಟುತ್ತಿರಲಿಲ್ಲ. ಕುಂಕುಮ ಇಟ್ಟುಕೊಂಡು, ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದ ಅವರ ಕಣ್ಣು ಪೊಲೀಸಿನ ಪಕ್ಕದಲ್ಲಿ ನಿಂತುಬಿಟ್ಟಿತು.

“ಇದೇನ್ರೀ ಗೌರಮ್ಮ, ದೇವ್ರ ಮೆಟ್ಲಲ್ಲಿ ಪಿಲಾಸ್ಟಿಕ್ಕು?” ಎಂದು ಅಜ್ಜಿಯನ್ನು ಕೇಳಿದರು.

ಅಜ್ಜಿ ನನ್ನ ಬೆನ್ನು ಮುಟ್ಟಿದಳು. ನಾನು ಮುಂದೆ ಹೋಗಿ, ಲಂಗ ಸರಿಮಾಡಿಕೊಂಡು, ಕೈ ಕಟ್ಟಿ ನಿಂತು ಶುರುಮಾಡಿದೆ. ಒಂದೂರಲ್ಲಿ ಒಂದು ಅಚ್ಚು ಇತ್ತು. ಅದರ ಹೊಟ್ಟೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಹುಟ್ಟಿದರು. ಇಬ್ಬರ ಎದೆಯ ಮೇಲೂ ಒಂದೇ ಮಚ್ಚೆ. ಒಬ್ಬನನ್ನು ಒಂದು ದೇಶಕ್ಕೆ ಕಳಿಸಿದರು, ಇನ್ನೊಬ್ಬನನ್ನು ಇನ್ನೊಂದು ದೇಶಕ್ಕೆ. ಹೋದ ಊರಿಗೆ ತಕ್ಕ ಅಂಗಿ ಹಾಕಿದರು. ಒಬ್ಬ ಕೊಬ್ಬರಿ ಲಾರಿ ಹತ್ತಿ ಬಂದ, ಒಬ್ಬ ವಿಮಾನ ಹತ್ತಿ ಬಂದ. ಎದುರೆದುರು ನಿಂತರೂ ಒಬ್ಬರ ಗುರುತು ಒಬ್ಬರಿಗೆ ಸಿಗದೆ, ನೀನು ನಕಲಿ ಎಂದು ಜಗಳವಾಡಿದರು. ಕೊನೆಗೆ ದಸರೆಯ ದಿನ ಅತ್ತೆಯ ಹುಣಸೆ ನೀರಿನಲ್ಲಿ ಮಿಂದಾಗ ಮಚ್ಚೆ ಕಾಣಿಸಿ ಒಂದಾದರು. ಇಷ್ಟು ಹೇಳಿ, ಇಬ್ಬರನ್ನೂ ಲಾರಿ ಮಾಡಿ, ಮತ್ತೆ ಮನುಷ್ಯರನ್ನಾಗಿ ಮಾಡಿ, ತಿರುಗಿ ಮೆಟ್ಟಿಲ ಮೇಲೆ ನಿಲ್ಲಿಸಿದೆ. ಚಾಪೆಯ ಮೇಲೆ ಕೂತಿದ್ದ ಹೆಂಗಸರು ಆಹಾ ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ಸರೋಜತ್ತೆ, ತನ್ನ ಹುಣಸೆ ನೀರಿಗೆ ಕತೆಯಲ್ಲಿ ಸಿಕ್ಕಿದ ಸ್ಥಾನವನ್ನು ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಶಾಂತಕ್ಕ ಮಾತ್ರ ಸುಲಭಕ್ಕೆ ಬಿಡುವವರಲ್ಲ.

“ಕತೆಯೇನೋ ಚೆನ್ನಾಗೈತೆ ಮಗಾ. ಆದ್ರೂ ಇದ್ರಲ್ಲಿ ಅಸಲಿ ಯಾವ್ದು, ಅದ ಹೇಳು.”

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು. ಮೆಟ್ಟಿಲಿನಿಂದ ಇಬ್ಬರನ್ನೂ ಎತ್ತಿಕೊಂಡು ಶಾಂತಕ್ಕನ ಎದುರಿಗೆ ಬಂದಳು. ಒಂದನ್ನು ಅವರ ಬಲಗಿವಿಗೆ, ಒಂದನ್ನು ಎಡಗಿವಿಗೆ, ಓಲೆಗೆ ತಾಗದ ಹಾಗೆ ಹಿಡಿದು, ಕೊಬ್ಬರಿಯನ್ನು ಕುಲುಕುವ ಹಾಗೆಯೇ ಕುಲುಕಿದಳು. ಕಟಕಟ. ಕಟಕಟ. ಶಾಂತಕ್ಕನ ಕಣ್ಣು ತಾನಾಗಿ ಮುಚ್ಚಿತು.

“ಏನ್ ಕೇಳ್ತದೆ?”

“ಎಲ್ಡೂ ಒಂದೇ ತರ ಕೇಳ್ತವೆ ಕಣ್ರೀ.”

“ಮತ್ತೆ? ಒಂದೇ ಮರದ ಕಾಯಿ,” ಎಂದಳು ಅಜ್ಜಿ. “ಗಿರೀ, ಅಕ್ಕನಿಗೆ ಮಿಠಾಯಿ ಕೊಡೇ. ಎಲ್ಡು ಕೊಡು.”